ಅಯೋನಾ: ಪಾದ್ರಿಗಳು ಕಲ್ಲು ಹೊತ್ತ ದ್ವೀಪ

(ದತ್ತಿ ಉಪನ್ಯಾಸದ ಬರಹರೂಪ)

1938ರ ಬೇಸಿಗೆಯಲ್ಲಿ ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಅಯೋನಾ ಎಂಬ ಪುಟ್ಟ ದ್ವೀಪಕ್ಕೆ ಹತ್ತು ಹನ್ನೆರಡು ಮಂದಿ ಗಂಡಸರು ಬಂದಿಳಿದರು. ಅವರಲ್ಲಿ ಅರ್ಧ ಜನ ಕಸುಬುದಾರರು. ಕಲ್ಲುಕುಟಿಗರು, ಬಡಗಿಗಳು, ದುಡಿಮೆ ಬತ್ತಿಹೋದ ಕಾಲದಲ್ಲಿ ಕೆಲಸ ಹುಡುಕುತ್ತಿದ್ದವರು. ಇನ್ನರ್ಧ ಜನ ದೇವಶಾಸ್ತ್ರದ ಓದು ಮುಗಿಸಿ ಪಾದ್ರಿಗಳಾಗಲು ಹೊರಟಿದ್ದ ತರುಣರು. ಅವರಿಗಾಗಿ ಅಲ್ಲಿ ಕಾದಿದ್ದದ್ದು ಏಳುನೂರು ವರ್ಷ ಹಳೆಯದಾದ ಒಂದು ಮಠದ ಪಾಳುಗೋಡೆಗಳು, ಎಡೆಬಿಡದೆ ಬೀಸುವ ಅಟ್ಲಾಂಟಿಕ್ ಗಾಳಿ, ಮತ್ತು ಮಲಗಲು ಮರದ ಹಲಗೆಯ ಗುಡಿಸಲುಗಳು.

ಕೆಲಸದ ಕಟ್ಟಳೆ ಸರಳವಾಗಿತ್ತು. ಕಸುಬು ಗೊತ್ತಿದ್ದವನು ಯಜಮಾನ, ಓದಿ ಬಂದವನು ಆಳು. ಗ್ರೀಕ್, ಹೀಬ್ರೂ ಕಲಿತ ತರುಣ ಗಾರೆ ಕಲಸಬೇಕು, ಕಲ್ಲು ಹೊರಬೇಕು, ಕಲ್ಲುಕುಟಿಗ ಬೇಡವೆಂದ ಕಲ್ಲನ್ನು ಮರುಮಾತಿಲ್ಲದೆ ವಾಪಸ್ ಒಯ್ಯಬೇಕು.

ಒಂದು ಆಧ್ಯಾತ್ಮಿಕ ಶಿಬಿರದ ಚರಿತ್ರೆ ಹೀಗೆ ಶುರುವಾದದ್ದು ಗಮನಿಸಬೇಕಾದ ಸಂಗತಿ. ಧ್ಯಾನ, ಪ್ರವಚನ, ಮೌನ ಇವುಗಳಿಂದ ಶುರುವಾಗುವ ಶಿಬಿರಗಳು ಎಲ್ಲ ದೇಶಗಳಲ್ಲೂ ಇವೆ. ಅಜ್ಜ, ಮೊಮ್ಮಗ, ನಡುವಯಸ್ಸಿನ ತಾಯಿ, ಕಾಲೇಜಿನ ಹುಡುಗಿ ಎಲ್ಲರೂ ಒಂದು ವಾರ ಒಂದೇ ಸೂರಿನಡಿ ಇರುವಂಥವೂ ಇವೆ. ಆದರೆ ಅವುಗಳಲ್ಲಿ ಬಹುಪಾಲಿನಲ್ಲಿ ಹಿರಿಯರು ಮಾತಾಡುತ್ತಾರೆ, ಕಿರಿಯರು ಕೇಳುತ್ತಾರೆ. ಇಲ್ಲವೇ ಮಕ್ಕಳಿಗೊಂದು ಕೋಣೆ, ಯುವಕರಿಗೊಂದು ಕೋಣೆ ಕೊಟ್ಟು, ಊಟದ ಹೊತ್ತಿಗೆ ಮಾತ್ರ ಎಲ್ಲರನ್ನೂ ಕೂಡಿಸುತ್ತಾರೆ. ಅಯೋನಾ ಬೇರೆಯದೇ ಒಂದು ಸಂಗತಿಯನ್ನು ಕಂಡುಕೊಂಡಿತು. ವಯಸ್ಸಿನಲ್ಲೂ ಅಂತಸ್ತಿನಲ್ಲೂ ದೂರವಿರುವ ಇಬ್ಬರನ್ನು ಎದುರುಬದುರು ಕೂರಿಸಿ ಮಾತಾಡಿ ಎಂದರೆ ಮಾತು ಹುಟ್ಟುವುದಿಲ್ಲ. ಇಬ್ಬರಿಗೂ ನಿಜವಾಗಿ ಬೇಕಾದ, ಒಬ್ಬನಿಂದಲೇ ಆಗದ ಕೆಲಸವೊಂದನ್ನು ನಡುವೆ ಇಟ್ಟರೆ ಮಾತು ತಾನಾಗಿ ಬರುತ್ತದೆ. ಈ ಉಪನ್ಯಾಸ ಹೇಳಹೊರಟಿರುವುದು ಇಷ್ಟನ್ನೇ. ಉಳಿದದ್ದು ಅದು ನಡೆದು ಬಂದ ಬಗೆ.

ಅಯೋನಾ ಎಂದರೆ ಸುಮಾರು ಐದು ಕಿಲೋಮೀಟರ್ ಉದ್ದ, ಎರಡೂವರೆ ಕಿಲೋಮೀಟರ್ ಅಗಲದ ನೆಲ. ಇಂದಿಗೂ ಅಲ್ಲಿ ನೆಲೆಸಿರುವವರು ಇನ್ನೂರನ್ನು ಮೀರುವುದಿಲ್ಲ. ಗ್ಲಾಸ್ಗೋದಿಂದ ಓಬನ್‌ವರೆಗೆ ರೈಲು, ಅಲ್ಲಿಂದ ಮಲ್ ದ್ವೀಪಕ್ಕೆ ಹಡಗು, ಮಲ್ ದ್ವೀಪದ ಉದ್ದಕ್ಕೂ ಬಸ್ಸು, ಕೊನೆಗೆ ಮತ್ತೊಂದು ಚಿಕ್ಕ ದೋಣಿ. ಹೋಗಿ ಮುಟ್ಟುವಷ್ಟರಲ್ಲಿ ಒಂದು ದಿನವೇ ಕಳೆಯುತ್ತದೆ. 563ರಲ್ಲಿ ಐರ್ಲೆಂಡಿನಿಂದ ಕೊಲಂಬ ಎಂಬ ಸಂತ ಹನ್ನೆರಡು ಸಂಗಡಿಗರೊಂದಿಗೆ ಬಂದಿಳಿದದ್ದು ಇಲ್ಲಿಗೆ. ಅವರು ಕಟ್ಟಿದ ಮಠದಿಂದ ಕ್ರೈಸ್ತ ಧರ್ಮ ಉತ್ತರ ಬ್ರಿಟನ್ನಿನ ಉದ್ದಗಲಕ್ಕೂ ಹರಡಿತು. ಇಂದು ಡಬ್ಲಿನ್ನಿನಲ್ಲಿರುವ ಕೆಲ್ಸ್ ಗ್ರಂಥ ಎಂಬ ಬಣ್ಣಬಣ್ಣದ ಹಸ್ತಪ್ರತಿ, 800ರ ಸುಮಾರಿಗೆ ಇಲ್ಲಿಯೇ ಆರಂಭವಾಗಿರಬೇಕೆಂದು ಅನೇಕ ವಿದ್ವಾಂಸರು ನಂಬುತ್ತಾರೆ. ವೈಕಿಂಗರು ಮತ್ತೆ ಮತ್ತೆ ದಾಳಿಯಿಟ್ಟರು. 806ರ ದಾಳಿಯೊಂದರಲ್ಲೇ 68 ಮಂದಿ ಹತರಾದರು. 1200ರ ಸುಮಾರಿಗೆ ಬೆನೆಡಿಕ್ಟೀನ್ ಸನ್ಯಾಸಿಗಳ ಕಲ್ಲಿನ ಮಠ ಎದ್ದಿತು, ಪಕ್ಕದಲ್ಲೇ ಸನ್ಯಾಸಿನಿಯರ ಮಠವೂ ಎದ್ದಿತು. 1560ರ ಧರ್ಮಸುಧಾರಣೆಯ ನಂತರ ಎರಡೂ ಕ್ರಮೇಣ ಪಾಳುಬಿದ್ದವು.

1899ರಲ್ಲಿ ದ್ವೀಪದ ಒಡೆಯನಾಗಿದ್ದ ಆರ್ಗೈಲ್‌ನ ಎಂಟನೆಯ ಡ್ಯೂಕ್ ಈ ಪಾಳುಕಟ್ಟಡಗಳನ್ನು ಒಂದು ಟ್ರಸ್ಟಿಗೆ ಒಪ್ಪಿಸಿದ. ಕ್ರೈಸ್ತರ ಎಲ್ಲ ಪಂಗಡಗಳಿಗೂ ಇಲ್ಲಿ ಪ್ರಾರ್ಥನೆಗೆ ಅವಕಾಶ ಇರಬೇಕೆಂಬ ಅಪೇಕ್ಷೆ ಆ ದಾನಪತ್ರದಲ್ಲಿತ್ತು. ಪಂಗಡಗಳು ಒಂದರ ಮುಖ ಇನ್ನೊಂದು ನೋಡದಿದ್ದ ಆ ದಿನಗಳಲ್ಲಿ ಅದು ದೊಡ್ಡ ಮಾತು. 1910ರ ಹೊತ್ತಿಗೆ ಚರ್ಚಿನ ಭಾಗ ದುರಸ್ತಿಯಾಯಿತು. ಆದರೆ ಸನ್ಯಾಸಿಗಳು ಉಣ್ಣುತ್ತಿದ್ದ, ಮಲಗುತ್ತಿದ್ದ, ದುಡಿಯುತ್ತಿದ್ದ ಕಟ್ಟಡಗಳಿಗೆ ಸೂರೇ ಇರಲಿಲ್ಲ. ಪ್ರಾರ್ಥನೆಗೆ ಜಾಗವಿತ್ತು, ಬದುಕುವುದಕ್ಕೆ ಇರಲಿಲ್ಲ. ಜಾರ್ಜ್ ಮೆಕ್ಲೌಡ್ ಎಂಬ ಪಾದ್ರಿಯ ಕಣ್ಣಿಗೆ ಬಿದ್ದದ್ದು ಈ ಅರೆಕೊರೆಯೇ.

ಮೆಕ್ಲೌಡ್ 1895ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿದವರು. ತಲೆಮಾರುಗಳಿಂದ ಪಾದ್ರಿಗಳನ್ನು ಕೊಟ್ಟ ಮನೆತನ, ಆಕ್ಸ್‌ಫರ್ಡ್ ಓದು. ಮೊದಲ ಮಹಾಯುದ್ಧದಲ್ಲಿ ಹೋರಾಡಿ ಬ್ರಿಟನ್ ಮತ್ತು ಫ್ರಾನ್ಸ್ ಎರಡರಿಂದಲೂ ಶೌರ್ಯ ಪದಕ ಪಡೆದವರು, ಮುಂದೆ ಯುದ್ಧವನ್ನೇ ವಿರೋಧಿಸಿ ನಿಂತವರು. ಎಡಿನ್‌ಬರೋದ ಉಳ್ಳವರ ಚರ್ಚಿನಲ್ಲಿ ಹೆಸರಾಂತ ಬೋಧಕರಾಗಿದ್ದ ಅವರು 1930ರಲ್ಲಿ ಗ್ಲಾಸ್ಗೋದ ಗೋವನ್‌ಗೆ ಹೋದರು. ಕ್ಲೈಡ್ ನದಿಯ ದಂಡೆಯ ಹಡಗುಕಟ್ಟೆಗಳನ್ನೇ ನಂಬಿ ಬದುಕಿದ್ದ ಊರು ಅದು. ಮಹಾ ಆರ್ಥಿಕ ಕುಸಿತಕ್ಕೆ ಸಿಕ್ಕಿ ಹಡಗುಕಟ್ಟೆಗಳು ಸ್ತಬ್ಧವಾಗಿದ್ದವು. ಕೈಯಲ್ಲಿ ಕಸುಬಿದ್ದ ಗಂಡಸರು ಬೀದಿಯ ಮೂಲೆಗಳಲ್ಲಿ ಸುಮ್ಮನೆ ನಿಂತಿರುತ್ತಿದ್ದರು.

ಅಲ್ಲಿ ಮೆಕ್ಲೌಡ್ ಬೀದಿಯಲ್ಲಿ ನಿಂತು ಉಪದೇಶ ಮಾಡುತ್ತಿದ್ದರು. ಒಮ್ಮೆ ಅವರನ್ನು ಕೆಲಸವಿಲ್ಲದ ಒಬ್ಬಾತ ಎದುರು ನಿಂತು ಪ್ರಶ್ನಿಸಿದ. ಕೆಲ ಕಾಲದ ನಂತರ ಆತ ಆಸ್ಪತ್ರೆಯಲ್ಲಿ ಸಾಯುವ ಸ್ಥಿತಿಯಲ್ಲಿದ್ದಾಗ ಮೆಕ್ಲೌಡ್ ನೋಡಲು ಹೋದರು. ತನಗೆ ಬರುತ್ತಿದ್ದ ನಿರುದ್ಯೋಗ ಭತ್ಯೆಯನ್ನು ಮನೆಯವರಿಗೆ ಬಿಟ್ಟುಕೊಟ್ಟು ಆತ ಹೊಟ್ಟೆಗಿಲ್ಲದೆ ಸೊರಗಿದ್ದ. ನಿಮ್ಮ ಬಳಿ ಏನೋ ಇದೆ, ಆದರೆ ಅದು ಇದೆಯೆಂದೂ ನಿಮಗೆ ಗೊತ್ತಿಲ್ಲ, ಅದನ್ನು ಹೇಳುವುದು ಹೇಗೆಂದೂ ಗೊತ್ತಿಲ್ಲ ಎಂಬರ್ಥದಲ್ಲಿ ಆತ ಆಡಿದ ಮಾತನ್ನು ಮೆಕ್ಲೌಡ್ ಬದುಕಿರುವವರೆಗೂ ನೆನೆಯುತ್ತಿದ್ದರು. ಅಯೋನಾದ ಯೋಜನೆ ಬೇರುಬಿಟ್ಟದ್ದು ಇಂಥ ನೆಲದಲ್ಲಿ. ಅದು ಮನಶ್ಶಾಂತಿ ಹುಡುಕಿ ಹೊರಟವರ ಯೋಜನೆಯಾಗಿರಲಿಲ್ಲ. ಹಸಿದ ಊರಿನ ಎದುರು ತನ್ನ ಓದಿಗೆ, ತನ್ನ ಭಾಷೆಗೆ ಬೆಲೆಯಿಲ್ಲವಾಯಿತಲ್ಲ ಎಂದು ನೊಂದ ಒಬ್ಬ ಪಾದ್ರಿಯ ಯೋಜನೆಯಾಗಿತ್ತು.

ಮೊದಲ ಪ್ರಯೋಗ ಗ್ಲಾಸ್ಗೋ ಹೊರವಲಯದ ಫಿಂಗಲ್ಟನ್‌ನಲ್ಲಿ ನಡೆಯಿತು. ಹಾಳುಬಿದ್ದ ಹಳೆಯ ಗಿರಣಿಯೊಂದನ್ನು ನಿರುದ್ಯೋಗಿಗಳೇ ಸೇರಿ ದುರಸ್ತಿ ಮಾಡಿ, ಊರವರು ಹೋಗಿ ಇದ್ದು ಬರುವ ತಾಣವಾಗಿಸಿದರು. ಸುಮ್ಮನೆ ನಿಂತಿದ್ದ ಗಂಡಸರಿಗೆ ಕೆಲಸ ಸಿಕ್ಕಾಗ ಏನಾಗುತ್ತದೆಂದು ಮೆಕ್ಲೌಡ್ ಕಣ್ಣಾರೆ ಕಂಡರು. 1938ರಲ್ಲಿ ಸಂಬಳದ ಹುದ್ದೆಗೆ ರಾಜೀನಾಮೆ ಕೊಟ್ಟು ಅಯೋನಾದತ್ತ ನಡೆದರು.

ಹಣ ಬೇಕಿತ್ತು. ಹಡಗುಕಟ್ಟೆಗಳ ಒಡೆಯ ಸರ್ ಜೇಮ್ಸ್ ಲಿಥ್‌ಗೋ ಅವರ ಬಳಿ ಕೇಳಿದರು. ಹಣ ಕೊಟ್ಟರೆ ನಿಮ್ಮ ಯುದ್ಧವಿರೋಧ ಬಿಡುತ್ತೀರಾ ಎಂದು ಲಿಥ್‌ಗೋ ಕೇಳಿದರಂತೆ. ಖಂಡಿತ ಇಲ್ಲ ಎಂದರು ಮೆಕ್ಲೌಡ್. ಹಾಗಿದ್ದರೆ ಕೊಡುತ್ತೇನೆ ಎಂದು ಲಿಥ್‌ಗೋ 5,000 ಪೌಂಡ್ ಕೊಟ್ಟರು. ಆ ಕಾಲಕ್ಕೆ ಅದು ಭಾರಿ ಮೊತ್ತ. ಆದರೆ ಎಲ್ಲರೂ ಲಿಥ್‌ಗೋ ಅವರಂತಿರಲಿಲ್ಲ. ಪ್ರೆಸ್ಬಿಟೀರಿಯನ್ ಸಂಪ್ರದಾಯದ ನಾಡಿನಲ್ಲಿ ಮಠವೊಂದನ್ನು ಮತ್ತೆ ಕಟ್ಟಲು ಹೊರಟವನು ಒಳಗೊಳಗೇ ರೋಮಿನ ಕಡೆ ನಡೆದಿದ್ದಾನೆ ಎಂದು ಒಂದು ಗುಂಪು. ಪಾದ್ರಿಯನ್ನು ಕೂಲಿಯಾಳು ಮಾಡುವವನು ಮಾಸ್ಕೋ ಕಡೆ ನಡೆದಿದ್ದಾನೆ ಎಂದು ಇನ್ನೊಂದು ಗುಂಪು. ಎರಡೂ ಆರೋಪ ಹೊತ್ತುಕೊಂಡೇ ಕೆಲಸ ಸಾಗಿತು. ಮರುವರ್ಷವೇ ಯುದ್ಧ ಶುರುವಾಗಿ ಮರಮುಟ್ಟಿಗೆ ಬರ ಬಂತು. ಕೆನಡಾದಿಂದ ಮರ ಹೇರಿಕೊಂಡು ಬರುತ್ತಿದ್ದ ಹಡಗೊಂದು ಬಿರುಗಾಳಿಗೆ ಸಿಕ್ಕಿ ಡೆಕ್ಕಿನ ಮೇಲಿನ ಸರಕನ್ನು ಕಡಲಿಗೆ ಎಸೆಯಿತೆಂದೂ, ಆ ತೊಲೆಗಳು ತೇಲಿಬಂದು ಅಯೋನಾದ ಎದುರಿನ ಮಲ್ ದಡಕ್ಕೆ ಬಿದ್ದವೆಂದೂ, ಸೂರಿಗೆ ಬೇಕಾದ ಅಳತೆಯಲ್ಲೇ ಇದ್ದವೆಂದೂ ಮೆಕ್ಲೌಡ್ ಕಥೆ ಹೇಳುತ್ತಿದ್ದರು. ಅವರು ಒಳ್ಳೆಯ ಕಥೆಗಾರರು. ಕಾಕತಾಳೀಯ ಎನ್ನುವವರಿಗೆ, ಪ್ರಾರ್ಥನೆ ನಿಲ್ಲಿಸಿದಾಗ ಕಾಕತಾಳೀಯಗಳೂ ನಿಂತುಹೋಗುತ್ತವೆ ಎಂಬ ಧಾಟಿಯ ಉತ್ತರ ಅವರ ಬಳಿ ಸಿದ್ಧವಾಗಿರುತ್ತಿತ್ತು.

ವಾಸ್ತುಶಿಲ್ಪಿ ಇಯಾನ್ ಲಿಂಡ್ಸೆ ಅವರ ನಕ್ಷೆಯಂತೆ ಗೋಡೆಗಳು ಏಳುತ್ತ ಹೋದವು. ಹಳೆಯ ಗೋಡೆಗೆ ಹೊಸ ಕಲ್ಲು ಸೇರಿಸುವುದು ಅವಸರದ ಕೆಲಸವಲ್ಲ. ಕಲ್ಲಿನ ಮುಖ ನೋಡಬೇಕು, ಉಳಿಯಿಂದ ಅಂಚು ಸವರಬೇಕು, ಕೂರಿಸಿ ನೋಡಬೇಕು, ಕೂರದಿದ್ದರೆ ಎತ್ತಿ ಮತ್ತೆ ಸವರಬೇಕು. ಪಕ್ಕದಲ್ಲಿ ಗಾರೆಯ ಬಾಣಲೆ ಹಿಡಿದು ನಿಂತ ತರುಣನಿಗೆ ಆ ಹೊತ್ತಿನಲ್ಲಿ ಹೇಳಲು ಏನೂ ಇರುವುದಿಲ್ಲ, ನೋಡಲು ಬೇಕಾದಷ್ಟಿರುತ್ತದೆ. ಬೆಳಗ್ಗೆ ಪ್ರಾರ್ಥನೆ, ಹಗಲೆಲ್ಲ ದುಡಿಮೆ, ಸಂಜೆ ಓದು ಮತ್ತು ಚರ್ಚೆ. ಬೇಸಿಗೆ ಮುಗಿದ ಮೇಲೆ ತರುಣ ಪಾದ್ರಿಗಳು ನಗರದ ಬಡ ಬಡಾವಣೆಗಳ ಚರ್ಚುಗಳಿಗೆ ಹೋಗಬೇಕು. ದ್ವೀಪದಲ್ಲಿ ನೆಲೆಯೂರುವುದು ಗುರಿಯಾಗಿರಲೇ ಇಲ್ಲ. ದುಡಿಯುವವರ ನಡುವೆ ನಾಚಿಕೆಯಿಲ್ಲದೆ ನಿಂತು ಮಾತಾಡಬಲ್ಲ ಪಾದ್ರಿಗಳನ್ನು ತಯಾರಿಸುವುದು ಗುರಿಯಾಗಿತ್ತು.

ಕನ್ನಡದ ಕೇಳುಗರಿಗೆ ಇಲ್ಲಿ ಕಾಯಕ ನೆನಪಾಗುವುದು ಸಹಜ. ಎರಡಕ್ಕೂ ಚಾರಿತ್ರಿಕವಾದ ಯಾವ ಕೊಂಡಿಯೂ ಇಲ್ಲ. ಒತ್ತೂ ಬೇರೆ ಕಡೆಗಿದೆ. ದುಡಿಮೆ ಪವಿತ್ರ ಎಂಬುದು ಅಯೋನಾಕ್ಕೂ ಒಪ್ಪಿಗೆಯೇ. ಆದರೆ ಯಾರ ಜೊತೆ ದುಡಿಯುತ್ತೀಯ ಎಂಬ ಪ್ರಶ್ನೆಯೇ ಅಲ್ಲಿ ಮೊದಲನೆಯದು.

1965ರಲ್ಲಿ ಮಠದ ಕಟ್ಟಡಗಳು ಪೂರ್ಣಗೊಂಡವು. ಇಪ್ಪತ್ತೇಳು ವರ್ಷ ಒಂದು ಗುಂಪನ್ನು ಕಟ್ಟಿಹಿಡಿದಿದ್ದ ಕೆಲಸ ಮುಗಿದುಹೋಯಿತು. ಇದು ಅಯೋನಾದ ಚರಿತ್ರೆಯಲ್ಲೇ ಎಲ್ಲಕ್ಕಿಂತ ಇಕ್ಕಟ್ಟಿನ ಗಳಿಗೆ. ಕೆಲಸವೇ ಸಮುದಾಯವನ್ನು ಕಟ್ಟುತ್ತದೆ ಎನ್ನುವುದಾದರೆ ಕೆಲಸ ಮುಗಿದ ಮೇಲೆ ಸಮುದಾಯ ಏನಾಗಬೇಕು? ಇಂಥ ಹೊತ್ತಿನಲ್ಲಿ ಎಷ್ಟೋ ಸಂಸ್ಥೆಗಳು ವಸ್ತುಸಂಗ್ರಹಾಲಯಗಳಾಗುತ್ತವೆ, ಸ್ಥಾಪಕರ ಭಾವಚಿತ್ರಕ್ಕೆ ಹಾರ ಹಾಕುತ್ತ ಕೂರುತ್ತವೆ. ಮೆಕ್ಲೌಡ್ ಕಟ್ಟಿದ ಈ ಗುಂಪು, ಅಂದರೆ ಅಯೋನಾ ಸಮುದಾಯ, ಬಾಗಿಲು ತೆರೆಯಿತು. 1969ರಲ್ಲಿ ಮೊದಲ ಬಾರಿಗೆ ಹೆಂಗಸರು ಸದಸ್ಯರಾದರು. ಪಾದ್ರಿಗಳೇ ಹೆಚ್ಚಾಗಿದ್ದ ಕೂಟದಲ್ಲಿ ಶಿಕ್ಷಕರು, ದಾದಿಯರು, ಸಮಾಜ ಕಾರ್ಯಕರ್ತರು ತುಂಬಿಕೊಂಡರು. ಬೇರೆ ಬೇರೆ ಪಂಗಡದವರು ಬಂದರು. ಕಟ್ಟಿದ ಮನೆ ಅತಿಥಿಗಳಿಗಾಗಿ ತೆರೆದುಕೊಂಡಿತು. 1988ರಲ್ಲಿ ಕುಟುಂಬಗಳು, ಯುವಕರು, ಅಂಗವಿಕಲರು ಬಂದು ಇರಲು ಅನುವಾಗುವಂತೆ ಮಠದ ಹತ್ತಿರವೇ ಮೆಕ್ಲೌಡ್ ಸೆಂಟರ್ ಆರಂಭವಾಯಿತು. ಕಲ್ಲಿನ ಕೆಲಸದ ಜಾಗಕ್ಕೆ ಮನೆಗೆಲಸ ಬಂತು.

ಹೀಗೆ ರೂಪುಗೊಂಡದ್ದೇ ಅಯೋನಾದ ವಾರದ ಶಿಬಿರ. ಅತಿಥಿಗಳು ವಾರದ ಆರಂಭದಲ್ಲಿ ಬರುತ್ತಾರೆ, ವಾರ ಮುಗಿಯುವಾಗ ಹೊರಡುತ್ತಾರೆ. ಮಲಗುವುದು ಹಂಚಿಕೊಂಡ ಕೋಣೆಗಳಲ್ಲಿ. ಬಂದ ಕೂಡಲೇ ಎಲ್ಲರನ್ನೂ ತಂಡಗಳಾಗಿ ಹಂಚುತ್ತಾರೆ. ತಂಡಗಳಿಗೆ ಸೀಲ್, ನೀರುನಾಯಿ, ಪಫಿನ್ ಎಂದು ಆ ಕಡಲಿನ ಪ್ರಾಣಿಪಕ್ಷಿಗಳದೇ ಹೆಸರು. ತರಕಾರಿ ಹೆಚ್ಚುವುದು, ಮೇಜು ಅಣಿಗೊಳಿಸುವುದು, ಪಾತ್ರೆ ತೊಳೆಯುವುದು, ಕಸ ಗುಡಿಸುವುದು, ಶೌಚಾಲಯ ತೊಳೆಯುವುದು ಎಲ್ಲವೂ ಈ ತಂಡಗಳ ಪಾಲಿಗೆ. ನಿವೃತ್ತ ಪ್ರೊಫೆಸರರಿಗೂ ಹತ್ತು ವರ್ಷದ ಹುಡುಗಿಗೂ ವಿನಾಯಿತಿ ಇಲ್ಲ. ಕೈಲಾದಷ್ಟು ಎಂಬುದೊಂದೇ ಮಿತಿ.

ತೊಳೆಯುವ ತೊಟ್ಟಿಯ ಮುಂದಿನ ದೃಶ್ಯವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನಲವತ್ತು ಐವತ್ತು ಜನ ಉಂಡೆದ್ದ ಮೇಲೆ ಬೀಳುವ ತಟ್ಟೆಗಳ ರಾಶಿ ಒಬ್ಬರ ಕೈಯಲ್ಲಿ ಮುಗಿಯುವಂಥದ್ದಲ್ಲ. ಒಬ್ಬರು ಎಂಜಲು ತೆಗೆಯಬೇಕು, ಒಬ್ಬರು ತೊಳೆಯಬೇಕು, ಇಬ್ಬರು ಒರೆಸಬೇಕು, ಒಬ್ಬರು ಯಾವ ಕಪಾಟಿಗೆ ಯಾವುದು ಎಂದು ತಿಳಿದು ಜೋಡಿಸಬೇಕು. ಇಲ್ಲಿ ಎಲ್ಲರ ಕಣ್ಣೂ ಕೈಯ ಮೇಲಿರುತ್ತದೆ, ಮುಖದ ಮೇಲಲ್ಲ. ಸಂಕೋಚದ ಹುಡುಗನಿಗೂ ಹೆಂಡತಿಯನ್ನು ಕಳೆದುಕೊಂಡ ಮುದುಕರಿಗೂ ಇದೇ ಅನುಕೂಲ. ಎದುರು ಕುರ್ಚಿಯಲ್ಲಿ ಕೂತು ನಿನ್ನ ಕಷ್ಟವೇನು ಎಂದರೆ ಬಾಯಿ ಬಿಡದವರು, ಒದ್ದೆ ಬಟ್ಟೆಯಲ್ಲಿ ತಟ್ಟೆ ಒರೆಸುತ್ತ ತಾವಾಗಿಯೇ ಹೇಳಿಕೊಳ್ಳುತ್ತಾರೆ. ಮಾತು ಭಾರವಾದರೆ ಮುಂದಿನ ತಟ್ಟೆ ಕೈಗೆತ್ತಿಕೊಂಡು ಸುಮ್ಮನಾಗಬಹುದು. ಆ ಮೌನಕ್ಕೆ ಯಾರೂ ಕಾರಣ ಕೇಳುವುದಿಲ್ಲ.

ಚರ್ಚೆಯ ಹೊತ್ತು ಬೇರೆ ಇದೆ. ಪ್ರತಿ ವಾರಕ್ಕೂ ಒಂದು ವಿಷಯ. ಬಡತನ, ಅಣ್ವಸ್ತ್ರ, ಹವಾಮಾನ, ವಲಸಿಗರು, ಬೈಬಲ್ಲಿನ ಯಾವುದೋ ಭಾಗ, ಹೀಗೆ. ಆದರೆ ಬೆಳಗ್ಗೆ ಜೊತೆಗೆ ಶೌಚಾಲಯ ತೊಳೆದವರು ಮಧ್ಯಾಹ್ನ ವಾದಕ್ಕೆ ಕೂತಾಗ ವಾದದ ಬಗೆಯೇ ಬದಲಾಗಿರುತ್ತದೆ. ಯುದ್ಧ ಕಂಡ ಹಿರಿಯರ ಮಾತನ್ನು ಇಪ್ಪತ್ತರ ಹುಡುಗಿ ತಳ್ಳಿಹಾಕಬಹುದು, ಹಿರಿಯರಿಗೆ ಅದು ಅವಮಾನ ಅನ್ನಿಸುವುದಿಲ್ಲ. ಆಲೂಗಡ್ಡೆ ಸುಲಿಯುವಾಗ ಅವಳೇ ಅವರಿಗೆ ಹಾಸ್ಯ ಹೇಳಿ ನಗಿಸಿರುತ್ತಾಳಲ್ಲ.

ದಿನಕ್ಕೆ ಎರಡು ಪ್ರಾರ್ಥನೆ, ಬೆಳಗ್ಗೆ ಒಂದು, ರಾತ್ರಿ ಒಂದು. ಬೆಳಗಿನ ಪ್ರಾರ್ಥನೆಯ ಕೊನೆಯಲ್ಲಿ ಆಶೀರ್ವಚನ ಇಲ್ಲ. ಎಲ್ಲರೂ ನಿಂತಲ್ಲಿಂದ ನೇರ ಕೆಲಸಕ್ಕೆ ಹೋಗುತ್ತಾರೆ. ಪ್ರಾರ್ಥನೆ ಮುಗಿದಿಲ್ಲ, ದಿನದ ದುಡಿಮೆ ಅದರ ಮುಂದುವರಿಕೆ ಎಂಬುದು ಅದರ ಹಿಂದಿನ ಭಾವ. ಪುಟ್ಟ ಏರ್ಪಾಡು, ಆದರೆ ಅಡುಗೆಮನೆಗೂ ಗರ್ಭಗುಡಿಗೂ ನಡುವಿನ ಗೆರೆಯನ್ನು ಇಷ್ಟು ಸಲೀಸಾಗಿ ಅಳಿಸಿದ ಪೂಜಾಕ್ರಮ ಅಪರೂಪ.

ಹಾಡಿನ ಪಾಲೂ ದೊಡ್ಡದು. ಸಮುದಾಯದ ಸದಸ್ಯರಾದ ಜಾನ್ ಬೆಲ್ ಮತ್ತು ಗ್ರಹಾಂ ಮಾಲ್ 1980ರ ದಶಕದಿಂದ ಬರೆದ ಹಾಡುಗಳು ಇಂದು ಜಗತ್ತಿನ ಅನೇಕ ಚರ್ಚುಗಳಲ್ಲಿ ಕೇಳಿಬರುತ್ತವೆ. ಜನಪದ ಧಾಟಿಗಳು, ಆಫ್ರಿಕಾ ಮತ್ತು ಲ್ಯಾಟಿನ್ ಅಮೆರಿಕದಿಂದ ತಂದ ಚಿಕ್ಕ ಚಿಕ್ಕ ಪಲ್ಲವಿಗಳು. ಒಬ್ಬರು ಹೇಳಿಕೊಟ್ಟರೆ ಉಳಿದವರು ಕೇಳಿ ಕಲಿಯುತ್ತಾರೆ. ಪುಸ್ತಕ ಬೇಡ, ಸ್ವರಲಿಪಿ ಬೇಡ. ಓದು ಬಾರದ ಮಗು ಮತ್ತು ಕಣ್ಣು ಮಂಜಾದ ಅಜ್ಜಿ ಇಬ್ಬರೂ ಎಲ್ಲರ ಸರಿಸಮ ಹಾಡಬಲ್ಲರು.

ವಾರದಲ್ಲಿ ಒಂದು ದಿನ ದ್ವೀಪದ ಸುತ್ತ ಕಾಲ್ನಡಿಗೆಯ ಯಾತ್ರೆ. ಸಾವಿರದ ಇನ್ನೂರು ವರ್ಷಗಳಿಂದ ನಿಂತಲ್ಲೇ ನಿಂತಿರುವ ಸಂತ ಮಾರ್ಟಿನ್‌ನ ಶಿಲುಬೆ, ಸನ್ಯಾಸಿನಿಯರ ಮಠದ ಅವಶೇಷ, ಹಳೆಯ ಅಮೃತಶಿಲೆಯ ಗಣಿ, ಕೊಲಂಬ ಬಂದಿಳಿದನೆನ್ನುವ ಕಲ್ಲುಗುಂಡುಗಳ ಕೊಲ್ಲಿ, ಹೀಗೆ ಒಂದೊಂದು ಕಡೆ ನಿಂತು ನಾಲ್ಕು ಮಾತು, ಒಂದು ಪ್ರಾರ್ಥನೆ. ಜೌಗುನೆಲದಲ್ಲಿ ಹಿರಿಯರ ಕೈಹಿಡಿದು ದಾಟಿಸುವುದು ಕಿರಿಯರ ಪಾಲಿಗೆ ತಾನಾಗಿ ಬರುತ್ತದೆ. ನಡಿಗೆಯ ವೇಗವನ್ನು ನಿಧಾನಿಗಳೇ ನಿರ್ಧರಿಸುತ್ತಾರೆ.

ಯುರೋಪಿನ ಇನ್ನೊಂದು ಹೆಸರಾಂತ ತಾಣದ ಜೊತೆ ಹೋಲಿಸಿದರೆ ಅಯೋನಾದ ವಿಶೇಷ ಸ್ಪಷ್ಟವಾಗುತ್ತದೆ. ಫ್ರಾನ್ಸಿನ ತೈಜೆ ಗ್ರಾಮಕ್ಕೆ 1940ರಲ್ಲಿ ಸ್ವಿಟ್ಜರ್ಲೆಂಡಿನಿಂದ ಬಂದ ಬ್ರದರ್ ರೋಜರ್ ಕಟ್ಟಿದ ಸಮುದಾಯಕ್ಕೆ ಬೇಸಿಗೆಯಲ್ಲಿ ವಾರಕ್ಕೆ ಸಾವಿರಗಟ್ಟಲೆ ಯುವಜನ ಬರುತ್ತಾರೆ. ಅಲ್ಲಿಯೂ ಅಡುಗೆ, ಬಡಿಸುವಿಕೆ, ಶುಚಿಕಾರ್ಯ ಬಂದವರದ್ದೇ. ಅಲ್ಲಿನ ಬ್ರದರ್‌ಗಳು ದಾನ ಸ್ವೀಕರಿಸದೆ, ಮಣ್ಣಿನ ಪಾತ್ರೆ ಮುಂತಾದವನ್ನು ಮಾಡಿ ಮಾರಿ ಬದುಕುತ್ತಾರೆ. ತೈಜೆಯ ಮೌನಕ್ಕೆ, ಅಲ್ಲಿನ ಗಾಯನಕ್ಕೆ ಸಾಟಿಯಿಲ್ಲ. ಆದರೆ ತೈಜೆಯ ಕಣ್ಣು ಮುಖ್ಯವಾಗಿ ಯುವಕರ ಮೇಲಿದೆ. ದೊಡ್ಡವರಿಗೂ ಕುಟುಂಬಗಳಿಗೂ ಬೇರೆ ಏರ್ಪಾಡು, ಬೇರೆ ಗುಂಪು. ಅಷ್ಟು ದೊಡ್ಡ ಜನಸಂದಣಿಯಲ್ಲಿ ಅದು ಅನಿವಾರ್ಯವೂ ಇರಬಹುದು. ಐವತ್ತು ಜನರ ಅಯೋನಾ, ಎಲ್ಲ ವಯಸ್ಸಿನವರನ್ನು ಒಂದೇ ಮೇಜಿಗೆ ಕೂರಿಸಬಲ್ಲದು. ತಲೆಮಾರುಗಳ ಕೂಟಕ್ಕೆ ಚಿಕ್ಕ ಅಳತೆಯೇ ಸರಿ ಎಂಬುದು ಇದರಿಂದ ತಿಳಿಯುತ್ತದೆ.

ಮಲ್ ದ್ವೀಪದ ಕಾಮಸ್ ಎಂಬಲ್ಲಿ ಸಮುದಾಯದ್ದೇ ಇನ್ನೊಂದು ತಾಣವಿದೆ. ಒಂದು ಕಾಲಕ್ಕೆ ಗ್ರಾನೈಟ್ ಗಣಿಯ ಕೆಲಸಗಾರರೂ ಆಮೇಲೆ ಸಾಲ್ಮನ್ ಮೀನುಗಾರರೂ ಇದ್ದ ಕಲ್ಲಿನ ಮನೆಗಳು. ರಸ್ತೆಯಿಂದ ಕಾಲುದಾರಿಯಲ್ಲಿ ನಡೆದೇ ಹೋಗಬೇಕು, ಊರಿನ ವಿದ್ಯುತ್ ಸಂಪರ್ಕವಿಲ್ಲ. ನಗರದ ಬಡ ಬಡಾವಣೆಗಳ ಹದಿಹರೆಯದವರು ಅಲ್ಲಿಗೆ ಹೋಗಿ ದೋಣಿ ನಡೆಸುತ್ತಾರೆ, ತೋಟದಲ್ಲಿ ದುಡಿಯುತ್ತಾರೆ, ಮೋಂಬತ್ತಿಯ ಬೆಳಕಿನಲ್ಲಿ ಉಣ್ಣುತ್ತಾರೆ. ಗೋವನ್‌ನ ಬೀದಿಮೂಲೆಯಲ್ಲಿ ನಿಂತಿದ್ದವರ ನೆನಪು ಹೆಚ್ಚು ಜೀವಂತವಾಗಿರುವುದು ಇಲ್ಲಿಯೇ ಅನ್ನಬೇಕು.

ಏಕೆಂದರೆ ಮುಖ್ಯ ಮಠದ ಬಗ್ಗೆ ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಮೊದಲ ತಂಡದ ಕಲ್ಲುಕುಟಿಗರು ಕೂಲಿಗಾಗಿ ಬಂದವರು. ಇಂದಿನ ಅತಿಥಿಗಳು ಹಣ ತೆತ್ತು ಬರುವವರು. ಅಷ್ಟು ದೂರದ ಪ್ರಯಾಣ, ಒಂದು ವಾರದ ರಜೆ, ತಂಗುವ ಖರ್ಚು ಇವನ್ನೆಲ್ಲ ಭರಿಸಬಲ್ಲವರು ಮಧ್ಯಮ ವರ್ಗದವರೇ. ಸಮುದಾಯ ರಿಯಾಯಿತಿ ಕೊಡುತ್ತದೆ, ಸ್ವಯಂಸೇವಕರಿಗೆ ಊಟ ವಸತಿ ಕೊಡುತ್ತದೆ. ಆದರೂ ವರ್ಗಗಳ ನಡುವಿನ ಗೋಡೆ ಒಡೆಯಲು ಹುಟ್ಟಿದ ಪ್ರಯೋಗ, ವಯಸ್ಸಿನ ನಡುವಿನ ಗೋಡೆ ಒಡೆಯುವುದರಲ್ಲಿ ಹೆಚ್ಚು ಯಶಸ್ವಿಯಾಗಿದೆ ಎಂಬುದೇ ನ್ಯಾಯವಾದ ತೀರ್ಮಾನ. ಮನೆಗೆಲಸದ ಬಗೆಗೂ ಎಚ್ಚರ ಬೇಕು. ಪಾತ್ರೆ ತೊಳೆಯುವುದು ಬರೀ ಶಾಸ್ತ್ರಕ್ಕೆ ಎನ್ನಿಸಿದ ದಿನ ಅದರ ಸತ್ವ ಹೋಗುತ್ತದೆ. ಅತಿಥಿಗಳು ತೊಳೆಯದಿದ್ದರೆ ರಾತ್ರಿಯ ಊಟಕ್ಕೆ ತಟ್ಟೆ ಇರುವುದಿಲ್ಲ ಎಂಬ ಸ್ಥಿತಿಯಿದ್ದರೆ ಮಾತ್ರ ಅದು ಕೆಲಸ.

ಕಟ್ಟಡವೂ ಮತ್ತೆ ಕೈಬೇಡಿತು. ಹಳತಾದ ವಸತಿ ಭಾಗದ ದುರಸ್ತಿಗಾಗಿ ಸಮುದಾಯ 37.5 ಲಕ್ಷ ಪೌಂಡ್ ಕೂಡಿಸಿ ಕೆಲಸ ಮುಗಿಸಿತು. ಕೊರೊನಾ ಹಾವಳಿಯ ನಡುವೆ 2021ರಲ್ಲಿ ಅತಿಥಿಗಳಿಗೆ ಬಾಗಿಲು ಮತ್ತೆ ತೆರೆಯಿತು. ಮೆಕ್ಲೌಡ್ 1989ರಲ್ಲಿ ಟೆಂಪಲ್‌ಟನ್ ಪ್ರಶಸ್ತಿ ಪಡೆದು, 1991ರಲ್ಲಿ ತೀರಿಕೊಂಡಿದ್ದರು. ಅವರಿಲ್ಲದೆಯೂ ಹಣ ಕೂಡುವಷ್ಟು ಸಮುದಾಯ ಬೆಳೆದಿತ್ತು.

ಶಿಬಿರ ಮುಗಿದ ಮೇಲೆ ಏನು ಎಂಬುದಕ್ಕೂ ಅಯೋನಾದಲ್ಲಿ ಏರ್ಪಾಡಿದೆ, ಅದರ ಗಟ್ಟಿತನ ಇರುವುದೂ ಅಲ್ಲೇ. ಸಮುದಾಯದ ಮುನ್ನೂರರ ಆಸುಪಾಸಿನ ಪೂರ್ಣ ಸದಸ್ಯರಲ್ಲಿ ಹೆಚ್ಚಿನವರು ದ್ವೀಪದಲ್ಲಿಲ್ಲ. ತಮ್ಮ ತಮ್ಮ ಊರುಗಳಲ್ಲಿ ಕೆಲಸ, ಸಂಸಾರ ನಡೆಸಿಕೊಂಡಿದ್ದಾರೆ. ಅವರನ್ನು ಹಿಡಿದಿಟ್ಟಿರುವುದು ಒಂದು ನಿಯಮ: ದಿನವೂ ಪ್ರಾರ್ಥನೆ ಮತ್ತು ಬೈಬಲ್ ಓದು, ಹಣದ ಬಳಕೆ, ವೇಳೆಯ ಬಳಕೆ, ನ್ಯಾಯ ಮತ್ತು ಶಾಂತಿಗಾಗಿ ದುಡಿಮೆ, ಪರಸ್ಪರ ಭೇಟಿ. ಹತ್ತಿರದ ಊರುಗಳ ಸದಸ್ಯರು ಸಣ್ಣ ಗುಂಪಾಗಿ ಆಗಾಗ ಸೇರುತ್ತಾರೆ. ಈ ಗುಂಪುಗಳನ್ನು ಕುಟುಂಬ ಎಂದೇ ಕರೆಯುತ್ತಾರೆ. ಇಪ್ಪತ್ತೆಂಟರವರೂ ಎಂಬತ್ತರವರೂ ಒಂದೇ ಗುಂಪಿನಲ್ಲಿರಬಹುದು. ಅಲ್ಲಿ ಪ್ರತಿಯೊಬ್ಬರೂ ತಮ್ಮ ಹಣ ಎಲ್ಲಿ ಹೋಯಿತು, ವೇಳೆ ಎಲ್ಲಿ ಹೋಯಿತು ಎಂದು ಉಳಿದವರಿಗೆ ಲೆಕ್ಕ ಒಪ್ಪಿಸಬೇಕು. ಅಗತ್ಯದ ಖರ್ಚು ಕಳೆದು ಉಳಿದ ವರಮಾನದಲ್ಲಿ ಹತ್ತನೆಯ ಒಂದು ಪಾಲನ್ನು ಸಮುದಾಯಕ್ಕೂ ಪರೋಪಕಾರಕ್ಕೂ ಕೊಡಬೇಕು. ದೇವರ ವಿಚಾರವನ್ನು ಅಪರಿಚಿತರೊಂದಿಗೂ ಮಾತಾಡುವ ಜನ, ಬ್ಯಾಂಕಿನ ಲೆಕ್ಕವನ್ನು ಒಡಹುಟ್ಟಿದವರಿಗೂ ತೋರಿಸುವುದಿಲ್ಲ. ತನಗಿಂತ ಐವತ್ತು ವರ್ಷ ಹಿರಿಯರ ಮುಂದೆ, ಅಥವಾ ಐವತ್ತು ವರ್ಷ ಕಿರಿಯರ ಮುಂದೆ, ಆ ಲೆಕ್ಕ ಬಿಚ್ಚಿಡಲು ಬೇಕಾದ ನಂಬಿಕೆ ಚರ್ಚಾಗೋಷ್ಠಿಗಳಿಂದ ಬರುವುದಿಲ್ಲ. ಸದಸ್ಯತ್ವವೂ ಆಜೀವವಲ್ಲ. ಈ ವರ್ಷವೂ ನಾನು ನಿಮ್ಮೊಡನೆ ಇದ್ದೇನೆಯೇ, ಇಲ್ಲವೇ ಎಂಬುದನ್ನು ಪ್ರತಿಯೊಬ್ಬ ಸದಸ್ಯರೂ ವರ್ಷಕ್ಕೊಮ್ಮೆ ಹೊಸದಾಗಿ ತಿಳಿಸಬೇಕು.